ದಾರಿ ಗೊತ್ತು, ಜಾಗ ಗೊತ್ತಿಲ್ಲ: ಒಬ್ಬ ತೋಟದ ಮೇಸ್ತ್ರಿಯ ಪ್ರಕರಣ

ನಾನು ಚಿಕ್ಕಮಗಳೂರಿನಲ್ಲಿ ಫಿಸಿಯೋಥೆರಪಿಸ್ಟ್. ಮನೆಮನೆಗೆ ಹೋಗಿ ಮಾಡುವ ಕೆಲಸವೇ ಜಾಸ್ತಿ. ಸ್ಟ್ರೋಕ್ ಆದವರ ಕೈಕಾಲನ್ನು ಮತ್ತೆ ಪಳಗಿಸುವುದರಲ್ಲೇ ನನ್ನ ದಿನ ಕಳೆಯುತ್ತದೆ. ಈ ಪ್ರಕರಣದಲ್ಲಿ ಮಾತ್ರ ಕೈಕಾಲು ಎರಡೂ ನೆಟ್ಟಗಿದ್ದವು. ನಾನು ಮೊದಮೊದಲು ದಾರಿ ತಪ್ಪಿದ್ದು ಅದಕ್ಕೇ. ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ವಯಸ್ಸು, ಬಡಾವಣೆ, ತೋಟದ ವಿವರಗಳನ್ನು ಬದಲಿಸಿದ್ದೇನೆ. ಅವರನ್ನು ಇಲ್ಲಿ ಮೇಸ್ತ್ರಿ ಎಂದು ಕರೆಯುತ್ತೇನೆ.

ಹಿನ್ನೆಲೆ

ಮೇಸ್ತ್ರಿಗೆ ಅರವತ್ತು ದಾಟಿದೆ. ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ದುಡಿದವರು. ಬೆಳಗ್ಗೆ ಹಾಜರಿ ಹಾಕಿಸಿ, ಯಾವ ಬ್ಲಾಕಿಗೆ ಯಾವ ಆಳು ಎಂದು ಕಳಿಸಿ, ಸಂಜೆ ಕಣದಲ್ಲಿ ಹಣ್ಣು ತೂಗಿಸುವ ತನಕ ಇಡೀ ದಿನ ನಡೆದಾಟ. ಕುಯ್ಲಿನ ಕಾಲದಲ್ಲಿ ಮಂಜು ಕವಿದು ಹತ್ತಡಿ ಮುಂದೆ ಕಾಣದಿದ್ದರೂ ತೋಟದ ಯಾವ ಮೂಲೆಗಾದರೂ ಸೀದಾ ಹೋಗುತ್ತಿದ್ದರಂತೆ.

ಒಂದು ಜೂನ್ ತಿಂಗಳ ಬೆಳಗ್ಗೆ ತಲೆನೋವು, ವಾಂತಿ, ಎಡಗಡೆ ಎಲ್ಲ ಮಬ್ಬು ಮಬ್ಬು. ಹಾಸನಕ್ಕೆ ಕರೆದುಕೊಂಡು ಹೋದರು. ಸ್ಟ್ರೋಕ್ ಎಂದು ಗೊತ್ತಾಯಿತು. ಆದರೆ ಮಾತು ಸರಿಯಿತ್ತು. ಕೈ ಎತ್ತುತ್ತಿದ್ದರು, ಎದ್ದು ನಡೆಯುತ್ತಿದ್ದರು. ಕೆಲವೇ ದಿನಕ್ಕೆ ಡಿಸ್ಚಾರ್ಜ್ ಆಯಿತು. ಲಕ್ವ ಹೊಡೆಯಲಿಲ್ಲವಲ್ಲ ಎಂದು ಮನೆಯವರೆಲ್ಲ ಹರಕೆ ತೀರಿಸಿ ಬಂದರು. ಮಗ ತೋಟದ ಕೆಲಸ ಬಿಡಿಸಿ, ಚಿಕ್ಕಮಗಳೂರಿನ ಅಂಚಿನ ಹೊಸ ಬಡಾವಣೆಯಲ್ಲಿ ತಾವು ಆಗಷ್ಟೇ ಕಟ್ಟಿಸಿದ್ದ ಮನೆಗೆ ಅಪ್ಪ, ಅಮ್ಮ ಇಬ್ಬರನ್ನೂ ಕರೆತಂದರು.

ಈ ಕ್ರಮವನ್ನು ನೆನಪಿಟ್ಟುಕೊಳ್ಳಿ. ಮೊದಲು ಸ್ಟ್ರೋಕ್, ಆಮೇಲೆ ಹೊಸ ಮನೆ. ಹಿಂದುಮುಂದಾಗಿದ್ದರೆ ಈ ಕಥೆ ಬೇರೆಯೇ ಆಗುತ್ತಿತ್ತು.

ತೊಂದರೆ

ಅಕ್ಟೋಬರಿನಲ್ಲಿ ನನ್ನನ್ನು ಕರೆದದ್ದು ಭುಜದ ಗಾಯಕ್ಕೆ. ಎಡ ಭುಜ ಪದೇ ಪದೇ ಬಾಗಿಲ ಚೌಕಟ್ಟಿಗೆ ಬಡಿಯುತ್ತಿತ್ತು. ಭುಜ ನೋಡುತ್ತಿರುವಾಗ ಸೊಸೆ ಕಾಫಿ ತಂದಿಟ್ಟು, ಮಾತಿಗೆ ಮಾತು ಬಂದು ಹೇಳಿದರು: “ಮೇಡಂ, ಮಾವ ಹಾಲು ತರೋಕೆ ಹೋದ್ರೆ ವಾಪಸ್ ಬರಲ್ಲ. ಎರಡು ಸಲ ಯಾರೋ ಕರ್ಕೊಂಡು ಬಂದು ಬಿಟ್ರು. ರಾತ್ರಿ ಬಾತ್‌ರೂಮಿಗೆ ಅಂತ ಎದ್ದು ಸ್ಟೋರ್ ರೂಮಿನ ಬಾಗಿಲು ತೆಗೀತಾರೆ.”

ಅವರ ಹೆಂಡತಿ ಒಳಗಿನಿಂದಲೇ ತೀರ್ಪು ಕೊಟ್ಟರು: “ಇವ್ರಿಗೆ ಅರಳು ಮರಳು.”

ಹಾಗೆ ಅನ್ನಿಸುವಂತಿರಲಿಲ್ಲ. ಮೇಸ್ತ್ರಿ ಅವತ್ತಿನ ಕಾಫಿ ಬೆಲೆಯನ್ನು ಐವತ್ತು ಕೆಜಿ ಮೂಟೆಗೆ ಇಷ್ಟು ಎಂದು ಹೇಳಿದರು. ನಾನು ಬಂದದ್ದು ಎಷ್ಟು ಗಂಟೆಗೆ, ನನ್ನ ಫೀಸು ಎಷ್ಟು, ಹಿಂದಿನ ದಿನ ಮೊಮ್ಮಗಳು ಶಾಲೆಯಲ್ಲಿ ಏನು ಮಾಡಿದಳು, ಎಲ್ಲ ನೆನಪಿತ್ತು. ಮರೆವಿನ ಕಾಯಿಲೆ ಇರುವವರ ಮಾತು ಹೀಗಿರುವುದಿಲ್ಲ.

ಆದರೂ ನಾನು ಮಾಡಿದ್ದೇನು? ನಡಿಗೆಯ ವ್ಯಾಯಾಮ, ಬ್ಯಾಲೆನ್ಸ್, ಒಂದೇ ಕಾಲಲ್ಲಿ ನಿಲ್ಲಿಸುವುದು. ಮೂರು ವಾರ. ಪಾಪ, ಹೇಳಿದ್ದನ್ನೆಲ್ಲ ಮಾಡಿದರು, ನನಗಿಂತ ಚೆನ್ನಾಗಿಯೇ ಮಾಡಿದರು. ಗುಡ್ಡ ಹತ್ತಿ ಇಳಿದ ಕಾಲುಗಳಿಗೆ ನಾನು ಬ್ಯಾಲೆನ್ಸ್ ಕಲಿಸಲು ಹೊರಟಿದ್ದೆ. ಎಂಆರ್‌ಐ ವರದಿ ಮೊದಲ ದಿನದಿಂದಲೂ ಟಿವಿ ಸ್ಟ್ಯಾಂಡಿನ ಮೇಲೆ ಪ್ಲಾಸ್ಟಿಕ್ ಕವರಿನಲ್ಲಿತ್ತು. ಕೈಕಾಲಿಗೆ ಬಲವಿದೆ ಎಂದು ಬರೆದ ಡಿಸ್ಚಾರ್ಜ್ ಹಾಳೆ ಓದಿ ಅದನ್ನು ಅಲ್ಲೇ ಬಿಟ್ಟಿದ್ದೆ.

ನಾಲ್ಕನೇ ವಾರ ಕವರ್ ತೆಗೆದು ಓದಿದೆ. ಬಲಗಡೆಯ ಪೋಸ್ಟೀರಿಯರ್ ಸೆರೆಬ್ರಲ್ ಆರ್ಟರಿ, ಅಂದರೆ ಮೆದುಳಿನ ಹಿಂಭಾಗಕ್ಕೆ ರಕ್ತ ಒಯ್ಯುವ ನಾಳ, ಕಟ್ಟಿಕೊಂಡಿತ್ತು. ಅದು ಮೊದಲು ಕಾಯುವುದು ನೋಟದ ಭಾಗವನ್ನು. ಬಲ ಮೆದುಳಿನ ನೋಟದ ಭಾಗ ಕೆಟ್ಟರೆ ಎರಡೂ ಕಣ್ಣಿಗೆ ಎಡ ಅರ್ಧ ಕಾಣುವುದಿಲ್ಲ. ಭುಜ ಬಡಿಯುತ್ತಿದ್ದದ್ದು ಅದಕ್ಕೆ. ಅದೇ ನಾಳದ ಕವಲು ಹಿಪೊಕ್ಯಾಂಪಸ್ಸಿಗೂ ಅದರ ಅಕ್ಕಪಕ್ಕದ ಭಾಗಕ್ಕೂ ರಕ್ತ ಕೊಡುತ್ತದೆ. ಹಾನಿ ಅಲ್ಲೂ ಆಗಿದೆ ಎಂದು ವರದಿಯಲ್ಲಿ ಸ್ಪಷ್ಟವಾಗಿತ್ತು.

ಎರಡು ಕಸುಬು, ಬೇರೆ ಬೇರೆ ನಾಳ

ಹಿಪೊಕ್ಯಾಂಪಸ್ ಕಿವಿಯ ನೇರಕ್ಕೆ, ಮೆದುಳಿನ ಒಳಮಗ್ಗುಲಲ್ಲಿ ಸುರುಳಿಯಾಗಿ ಕೂತ ಸಣ್ಣ ಭಾಗ. ಹೊಸ ನೆನಪು ಕಟ್ಟುವುದು ಅದರ ಕೆಲಸ. ಜಾಗದ ನಕ್ಷೆ ಕಟ್ಟುವುದೂ ಅದೇ. 1971ರಲ್ಲಿ ಜಾನ್ ಓಕೀಫ್ ಇಲಿಯ ಹಿಪೊಕ್ಯಾಂಪಸ್ಸಿನಲ್ಲಿ ವಿಚಿತ್ರ ಕೋಶಗಳನ್ನು ಗುರುತಿಸಿದರು. ಇಲಿ ಅಂಗಳದ ಒಂದು ಮೂಲೆಗೆ ಬಂದಾಗ ಒಂದು ಕೋಶ ಮಿಡಿಯುತ್ತದೆ, ಇನ್ನೊಂದು ಮೂಲೆಗೆ ಹೋದರೆ ಬೇರೊಂದು. 2005ರಲ್ಲಿ ಮೇ-ಬ್ರಿಟ್ ಮೋಸರ್ ಮತ್ತು ಎಡ್ವರ್ಡ್ ಮೋಸರ್ ದಂಪತಿ ಪಕ್ಕದ ಎಂಟೊರೈನಲ್ ಕಾರ್ಟೆಕ್ಸಿನಲ್ಲಿ, ನೆಲದ ಮೇಲೆ ಜೇನುಗೂಡಿನ ಹಾಗೆ ಸಮನಾದ ಅಂತರದಲ್ಲಿ ಮಿಡಿಯುವ ಕೋಶಗಳನ್ನು ಕಂಡರು. 2014ರ ನೊಬೆಲ್ ಈ ಮೂವರಿಗೂ ಬಂತು. ತಲೆ ಯಾವ ದಿಕ್ಕಿಗಿದೆ ಎಂದು ಹೇಳುವ ಕೋಶಗಳೂ ಬೇರೆ ಇವೆ. ಇವೆಲ್ಲ ಸೇರಿ “ನಾನು ಎಲ್ಲಿದ್ದೇನೆ” ಎಂಬುದಕ್ಕೆ ಉತ್ತರ ಕೊಡುತ್ತವೆ.

ಇನ್ನೊಂದು ಕಸುಬಿದೆ. ಗೇಟ್ ಬಂದರೆ ಬಲಕ್ಕೆ ತಿರುಗು, ಕಂಬ ಬಂದರೆ ಎಡಕ್ಕೆ ತಿರುಗು. ಇದು ರೂಢಿಯ ಕೆಲಸ. ಸೈಕಲ್ ತುಳಿಯುವ, ಕಣ್ಣುಮುಚ್ಚಿ ಗೇರ್ ಹಾಕುವ ಜಾತಿಯದು. ಇದನ್ನು ನೋಡಿಕೊಳ್ಳುವುದು ಮೆದುಳಿನ ಆಳದ ಬೇಸಲ್ ಗ್ಯಾಂಗ್ಲಿಯಾ, ಅದರಲ್ಲೂ ಕಾಡೇಟ್ ಎಂಬ ಭಾಗ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಏರುಪೇರಾಗುವುದೂ ಈ ಬೇಸಲ್ ಗ್ಯಾಂಗ್ಲಿಯಾದ ಕೆಲಸವೇ. ಕಾಡೇಟಿಗೆ ರಕ್ತ ಬರುವುದು ಮೆದುಳಿನ ಮುಂದಿನ ಮತ್ತು ನಡುವಿನ ನಾಳಗಳಿಂದ. ಮೇಸ್ತ್ರಿಯ ಸ್ಟ್ರೋಕ್ ಆ ಕಡೆ ಸುಳಿದಿರಲೇ ಇಲ್ಲ.

ಇಷ್ಟು ಗೊತ್ತಾದ ಮೇಲೆ ಒಂದು ಸಣ್ಣ ಪರೀಕ್ಷೆ ಮಾಡಿದೆ. ಹಾಲ್‌ನಲ್ಲಿ ಕೂರಿಸಿ, ಪರದೆ ಎಳೆದು, “ಮುಳ್ಳಯ್ಯನಗಿರಿ ಯಾವ ಕಡೆ ಇದೆ, ಕೈ ತೋರಿಸಿ” ಅಂದೆ. ಸೊಸೆ ಯೋಚನೆಯನ್ನೇ ಮಾಡದೆ ಟಿವಿಯ ಕಡೆ ತೋರಿಸಿದರು. ಅದೇ ಸರಿ. ಮೇಸ್ತ್ರಿ ಸ್ವಲ್ಪ ಹೊತ್ತು ಕೂತು, ಅಡುಗೆಮನೆ ಕಡೆ ತೋರಿಸಿದರು. ಸೋಫಾ ತಿರುಗಿಸಿ ಕೂರಿಸಿದರೆ ಇನ್ನೊಂದು ಕಡೆ. ಆ ಮನೆಯಲ್ಲಿ ಆಗಲೇ ಅವರು ನಾಲ್ಕು ತಿಂಗಳಿನಿಂದ ಇದ್ದರು.

ಮೊದಲು ಮಾಡಿದ್ದು, ಕೈಕೊಟ್ಟದ್ದು

ನಕ್ಷೆ ಕೆಟ್ಟಿದೆ ಎಂದು ಗೊತ್ತಾದ ಕೂಡಲೇ ನಾವೇನು ಮಾಡಿದೆವು ಅಂದರೆ, ಇನ್ನೊಂದು ನಕ್ಷೆ ಕೊಟ್ಟೆವು. ಈಗ ನಗು ಬರುತ್ತದೆ. ಮೊಮ್ಮಗಳು ಡ್ರಾಯಿಂಗ್ ಶೀಟಿನಲ್ಲಿ ಬಣ್ಣ ಬಣ್ಣವಾಗಿ ಬಡಾವಣೆ ಬರೆದಳು. ಮೇಸ್ತ್ರಿ ಮೇಜಿನ ಮೇಲೆ ಅದನ್ನು ಚೆನ್ನಾಗಿ ಓದುತ್ತಿದ್ದರು. ರಸ್ತೆಗೆ ಇಳಿದು ಎರಡು ತಿರುವು ದಾಟಿದರೆ, ಹಾಳೆಯಲ್ಲಿ ತಾನೆಲ್ಲಿ ಎಂಬುದು ಕಳೆದುಹೋಗುತ್ತಿತ್ತು. ಕಾಗದದ ನಕ್ಷೆ ಬಳಸುವುದಕ್ಕೂ ತಲೆಯೊಳಗೆ ಒಂದು ಬಾಣದ ಗುರುತು ಬೇಕಲ್ವಾ, ಅದೇ ಇರಲಿಲ್ಲ.

ಫೋನಿನ ಮ್ಯಾಪ್ ಕನ್ನಡದಲ್ಲೇ ದಾರಿ ಹೇಳುತ್ತದೆ ಎಂದು ಮಗ ಅದನ್ನೂ ಹಾಕಿಕೊಟ್ಟರು. ಎಡ ಅರ್ಧ ಕಾಣದ ಮನುಷ್ಯ ಸ್ಕ್ರೀನ್ ನೋಡಿಕೊಂಡು ರಸ್ತೆ ದಾಟುವುದನ್ನು ಒಮ್ಮೆ ನೋಡಿದೆ. ಎಡದಿಂದ ಬಂದ ಆಟೋ ಬ್ರೇಕ್ ಹಾಕಿತು. ಅವತ್ತೇ ನಿಲ್ಲಿಸಿದೆವು.

ತೋಟಕ್ಕೆ ಹೋದ ದಿನ

ಜನವರಿಯಲ್ಲಿ ಮೇಸ್ತ್ರಿ ಹಟ ಹಿಡಿದರು, ಕುಯ್ಲು ನೋಡಬೇಕು ಅಂತ. ಮಗ ಒಲ್ಲೆ ಎಂದರು. ಬೇಲಿ ಇಲ್ಲದ ಕಡೆ ಕಳೆದುಹೋದರೆ? ನನಗೆ ಮಾತ್ರ ಕುತೂಹಲ. “ನಾನೂ ಬರ್ತೀನಿ” ಅಂದೆ.

ತೋಟದ ಉಣುಗೋಲು (ಗಳ ಸರಿಸಿ ತೆಗೆಯುವ ಗೇಟು) ದಾಟಿದ್ದೇ ಮೇಸ್ತ್ರಿ ಬೇರೆ ಮನುಷ್ಯ. ನಡಿಗೆಯ ವೇಗವೇ ಬದಲಾಯಿತು. ಮಂಜು ಇನ್ನೂ ಎದ್ದಿರಲಿಲ್ಲ. ಯಾವ ಬ್ಲಾಕಿನಲ್ಲಿ ಯಾವ ವರ್ಷ ಬೋರರ್ ಹುಳು ಹೊಡೆಯಿತು ಎಂದು ಹೇಳುತ್ತಾ ಮುಂದೆ ಮುಂದೆ ಹೋದರು. ಅರ್ಧ ದಾರಿಯಲ್ಲಿ ದೊಡ್ಡ ಸಿಲ್ವರ್ ಮರ, ಹಬ್ಬಿದ್ದ ಮೆಣಸಿನ ಬಳ್ಳಿ ಸಮೇತ, ದಾರಿಗೆ ಅಡ್ಡ ಬಿದ್ದಿತ್ತು. ನಾನು ಉಸಿರು ಬಿಗಿಹಿಡಿದೆ. ಅವರು ಮಾತು ನಿಲ್ಲಿಸಲೂ ಇಲ್ಲ. “ಇಲ್ಲಿ ಬನ್ನಿ ಮೇಡಂ, ಜಾರುತ್ತೆ ನೋಡ್ಕೊಳ್ಳಿ” ಎಂದು ಗಿಡಗಳ ಸಾಲಿನೊಳಗೆ ಇಳಿದು, ಹಳ್ಳದ ಸಂಕ ದಾಟಿಸಿ, ಕಣದ ಹಿಂಬದಿಗೆ ತಂದು ನಿಲ್ಲಿಸಿದರು. ಕಣದಲ್ಲಿ ನಿಂತು ಲೈನ್ ಮನೆ, ಪಂಪ್ ಹೌಸ್, ಮೂಡಿಗೆರೆ ರಸ್ತೆ ಯಾವ ಕಡೆ ಎಂದು ಕೇಳಿದೆ. ಮೂರಕ್ಕೂ ಕೈ ಸರಿಯಾಗಿಯೇ ಹೋಯಿತು.

ಅಂದರೆ ಹಳೆಯ ನಕ್ಷೆ ಇದ್ದೇ ಇತ್ತು. ಬರೀ ರೂಢಿಯಾಗಿದ್ದರೆ ಬಿದ್ದ ಮರದ ಹತ್ತಿರ ನಿಲ್ಲಬೇಕಿತ್ತು.

ಆಮೇಲೆ ಕಣದ ಪಕ್ಕ ಹೋದೆವು. ಮೇಸ್ತ್ರಿ ಕೆಲಸ ಬಿಟ್ಟ ಮೇಲೆ ತೋಟದವರು ಅಲ್ಲಿ ಹೋಂಸ್ಟೇಗೆ ಅಂತ ಹೊಸ ಜೀಪ್ ರಸ್ತೆ ಕಡಿಸಿದ್ದರು. ಒಂದು ತಿರುವು, ಐವತ್ತು ಹೆಜ್ಜೆ. ಮೇಸ್ತ್ರಿ ನಿಂತುಬಿಟ್ಟರು. ಸುತ್ತ ನೋಡಿದರು. ನನ್ನನ್ನು ಮೆಲ್ಲಗೆ ಕೇಳಿದರು: “ಮೇಡಂ, ಇದು ಯಾರ ತೋಟ?”

ವಾಪಸ್ ಕಣಕ್ಕೆ ಬಂದು ಮತ್ತೆ ಹೋದೆವು. ಮೂರು ಸಲ. ಮೂರನೇ ಸಲವೂ ಅದೇ ಜಾಗದಲ್ಲಿ ನಿಂತರು.

ನನಗೆ ಆ ದಿನ 1999ರಲ್ಲಿ ಎಡ್ಮಂಡ್ ಟೆಂಗ್ ಮತ್ತು ಲ್ಯಾರಿ ಸ್ಕ್ವೈರ್ ಬರೆದ ಒಂದು ಪ್ರಕರಣ ನೆನಪಾಯಿತು. ಅದರಲ್ಲಿ ಇ.ಪಿ. ಎಂದಷ್ಟೇ ಗುರುತಿಸಿದ ಅಮೆರಿಕದ ವೃದ್ಧರಿಗೆ ಮೆದುಳಿನ ಸೋಂಕಿನಿಂದ ಎರಡೂ ಕಡೆಯ ಹಿಪೊಕ್ಯಾಂಪಸ್ ನಾಶವಾಗಿತ್ತು. ಸುಮಾರು 50 ವರ್ಷದ ಹಿಂದೆ ಬಿಟ್ಟುಬಂದ ಊರಿನ ದಾರಿಗಳನ್ನು ಅವರು ಕೂತಲ್ಲೇ ಹೇಳುತ್ತಿದ್ದರು, ಮುಖ್ಯ ರಸ್ತೆ ಮುಚ್ಚಿದೆ ಅಂದರೆ ಬಳಸುದಾರಿಯನ್ನೂ ಹೇಳುತ್ತಿದ್ದರು. ಕಾಯಿಲೆ ಆದ ಮೇಲೆ ಹೋಗಿ ನೆಲೆಸಿದ ಬಡಾವಣೆಯ ಒಂದು ದಾರಿಯೂ ಬರುತ್ತಿರಲಿಲ್ಲ. ಹಳೆಯದು ಯಾವಾಗಲೂ ಪೂರ್ತಿ ಉಳಿಯುತ್ತದೆ ಅಂತಲೂ ಅಲ್ಲ. 2006ರಲ್ಲಿ ವರದಿಯಾದ ಲಂಡನ್ನಿನ ಒಬ್ಬ ಹಳೇ ಟ್ಯಾಕ್ಸಿ ಚಾಲಕರಿಗೆ ಇದೇ ಹಾನಿಯಾದ ಮೇಲೆ ಮುಖ್ಯ ರಸ್ತೆಗಳು ನೆನಪಿದ್ದವು, ಒಳ ರಸ್ತೆಗೆ ಇಳಿದರೆ ಕಳೆದುಹೋಗುತ್ತಿದ್ದರು.

ನಮ್ಮ ಮೇಸ್ತ್ರಿಗೆ ಹಾನಿ ಒಂದೇ ಕಡೆ. ಎಡ ಹಿಪೊಕ್ಯಾಂಪಸ್ ಚೆನ್ನಾಗಿತ್ತು. ಮಾತಿನ, ಹೆಸರಿನ, ಲೆಕ್ಕದ ನೆನಪೆಲ್ಲ ನಿಂತದ್ದು ಅದರಿಂದ. ಹೊಸ ಜಾಗ ಮಾತ್ರ ತಲೆಗೆ ಹತ್ತುತ್ತಿರಲಿಲ್ಲ.

ತೀರ್ಮಾನ ಬದಲಿಸಿದ್ದು

ಅವತ್ತು ವಾಪಸ್ ಬರುವಾಗ ಜೀಪಿನಲ್ಲಿ ಒಂದು ತೀರ್ಮಾನಕ್ಕೆ ಬಂದೆ. ಬಡಾವಣೆಯನ್ನು ಅರ್ಥ ಮಾಡಿಸುವುದು ಬಿಡಬೇಕು. ಕಾಲಿಗೆ ಕಲಿಸಬೇಕು.

ಇದಕ್ಕೆ ಆಧಾರವಾಗಿ ನನ್ನ ಮನಸ್ಸಿನಲ್ಲಿದ್ದದ್ದು 1996ರಲ್ಲಿ ಮಾರ್ಕ್ ಪ್ಯಾಕರ್ಡ್ ಮತ್ತು ಜೇಮ್ಸ್ ಮೆಕ್‌ಗಾ ಮಾಡಿದ ಇಲಿ ಪ್ರಯೋಗ. ಅಡ್ಡ ಉದ್ದ ನಾಲ್ಕು ಕವಲಿನ ಓಣಿ. ಇಲಿಯನ್ನು ದಿನವೂ ಒಂದೇ ಕವಲಿನಿಂದ ಬಿಟ್ಟು, ಪಕ್ಕದ ಒಂದು ಕವಲಿನಲ್ಲಿ ತಿಂಡಿ ಇಟ್ಟರು. ವಾರ ಕಳೆದ ಮೇಲೆ ಎದುರು ಕವಲಿನಿಂದ ಬಿಟ್ಟರೆ ಹೆಚ್ಚಿನ ಇಲಿಗಳು ತಿಂಡಿಯ ಜಾಗಕ್ಕೇ ಹೋದವು. ಇನ್ನೊಂದು ವಾರ ಅಭ್ಯಾಸ ಮಾಡಿಸಿ ಮತ್ತೆ ಎದುರಿನಿಂದ ಬಿಟ್ಟರೆ, ಜಾಗ ಬಿಟ್ಟು ರೂಢಿಯ ತಿರುವನ್ನೇ ತಿರುಗಿದವು. ತಿಂಡಿ ಸಿಗಲಿಲ್ಲ. ಆಗ ಕಾಡೇಟ್ ಭಾಗಕ್ಕೆ ಮರಗಟ್ಟಿಸುವ ಮದ್ದು ಕೊಟ್ಟರು. ಇಲಿಗಳು ಮತ್ತೆ ಜಾಗ ಹುಡುಕಿ ಹೋದವು. ಎರಡೂ ವಿದ್ಯೆ ಒಂದೇ ತಲೆಯಲ್ಲಿ ಅಕ್ಕಪಕ್ಕ ಕೂತಿರುತ್ತವೆ. ನಕ್ಷೆ ಬೇಗ ಬರುತ್ತದೆ, ರೂಢಿ ನಿಧಾನವಾಗಿ ಬಂದು ಅದನ್ನು ಪಕ್ಕಕ್ಕೆ ಸರಿಸುತ್ತದೆ.

ಮೇಸ್ತ್ರಿಗೆ ಬೇಗ ಬರುವುದು ಬರುವುದಿಲ್ಲ. ನಿಧಾನದ್ದು ಬಂದೀತು.

ಒಂದೇ ದಾರಿ ಆರಿಸಿದೆವು. ಮನೆಯಿಂದ ಹಾಲಿನ ಬೂತ್, ಸುಮಾರು ನಾನೂರು ಮೀಟರ್, ನಾಲ್ಕು ತಿರುವು. ದಿನಾ ಬೆಳಗ್ಗೆ ಆರೂವರೆಗೆ. ಅವರ ಎಡಗಡೆ ನಾನು ಅಥವಾ ಮಗ. ಮೊದಲ ವಾರವೇ ಎರಡು ತಪ್ಪು ಮಾಡಿದೆ. ಎರಡನೇ ತಿರುವಿಗೆ ಗುರುತಾಗಿ ಒಂದು ಜಲ್ಲಿ ರಾಶಿ ಹೇಳಿಕೊಟ್ಟೆ. ಕಟ್ಟುತ್ತಿರುವ ಮನೆಯ ಮುಂದಿನ ಜಲ್ಲಿ ರಾಶಿ ಎಷ್ಟು ದಿನ ಇರುತ್ತದೆ ಹೇಳಿ! ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಟ್ರಾನ್ಸ್‌ಫಾರ್ಮರ್ ಹತ್ತಿರ ನಿಂತು ಮೇಷ್ಟ್ರ ಹಾಗೆ “ಈಗ ಯಾವ ಕಡೆ?” ಎಂದು ಕೇಳಿದೆ. ಅವರು ಅಂದಾಜಿನ ಮೇಲೆ ಎಡಕ್ಕೆ ತಿರುಗಿದರು. ಅದಲ್ಲ, ಬಲಕ್ಕೆ ಅಂದೆ. ಮಾರನೇ ದಿನ ಅವರ ಕಾಲು ಎಡಕ್ಕೇ ಹೋಯಿತು. ಅದರ ಮಾರನೇ ದಿನವೂ. ನಾನು ತಿದ್ದಿದ ಮಾತು ನೆನಪಿದ್ದರೂ ಕಾಲು ಕಲಿತದ್ದು ತಪ್ಪು ತಿರುವನ್ನು. ನೆನಪಿನ ತೊಂದರೆ ಇರುವವರಿಗೆ ತಪ್ಪು ಮಾಡಲು ಬಿಡದೆ ಕಲಿಸಿದರೆ ಚೆನ್ನಾಗಿ ಹತ್ತುತ್ತದೆ ಎಂದು ಅಲನ್ ಬ್ಯಾಡ್ಲಿ, ಬಾರ್ಬರಾ ವಿಲ್ಸನ್ 1994ರಲ್ಲೇ ತೋರಿಸಿದ್ದರು. ಓದಿದ್ದೆ. ಕೆಲಸದ ಹೊತ್ತಿಗೆ ಬರಲಿಲ್ಲ.

ಆಮೇಲೆ ಕೇಳುವುದನ್ನೇ ಬಿಟ್ಟೆ. ತಿರುವಿಗೆ ನಾಲ್ಕು ಹೆಜ್ಜೆ ಮೊದಲೇ ಮೊಣಕೈ ಮುಟ್ಟಿ ತಿರುಗಿಸುವುದು, ಅಷ್ಟೇ. ದಿನ ಕಳೆದಂತೆ ಮುಟ್ಟುವುದು ಹಗುರ, ಆಮೇಲೆ ಇಲ್ಲ. ಜಲ್ಲಿ ರಾಶಿಯ ಬದಲು ಆಂಜನೇಯನ ಗುಡಿಯ ಕಟ್ಟೆ ಬಂತು. ಇದರ ನಡುವೆ ಮೇಸ್ತ್ರಿ ತಾವೇ ಒಂದು ಉಪಾಯ ಹೂಡಿದರು. ರಸ್ತೆಗಳನ್ನು ಗಿಡಗಳ ಸಾಲಿನ ಹಾಗೆ ಎಣಿಸತೊಡಗಿದರು: “ಎರಡು ಸಾಲು ಬಿಟ್ಟು ಮೂರನೇದಕ್ಕೆ ಬಲಕ್ಕೆ.” ಅದು ಮಾತಿನ ನೆನಪು, ಅವರ ಗಟ್ಟಿ ಪಕ್ಕದ ಮೆದುಳು. ನನಗೆ ಹೊಳೆದಿರಲಿಲ್ಲ. ಇಪ್ಪತ್ಮೂರನೇ ದಿನ ನಾನು ಹಿಂದೆ ಉಳಿದೆ. ಅವರೊಬ್ಬರೇ ಬೂತಿಗೆ ಹೋಗಿ ನಿಂತರು.

ಹಾಲು ತಗೊಂಡರು. ತಿರುಗಿದರು. ನಿಂತರು.

ವಾಪಸ್ ದಾರಿ ನಾವು ಕಲಿಸಿರಲೇ ಇಲ್ಲ! ಅಷ್ಟು ದಿನವೂ ಬರುವಾಗ ಮಾತಾಡಿಕೊಂಡು ಬೇರೆ ಬೇರೆ ರಸ್ತೆಯಲ್ಲಿ ಬರುತ್ತಿದ್ದೆವು. ನಕ್ಷೆ ಇರುವವರಿಗೆ ಹೋದ ದಾರಿ ಗೊತ್ತಿದ್ದರೆ ಬರುವ ದಾರಿ ಬಿಟ್ಟಿ. ರೂಢಿಗೆ ಅದು ಪೂರ್ತಿ ಬೇರೆ ದಾರಿ. ಬಲಗಳೆಲ್ಲ ಎಡ, ಕಟ್ಟೆ ಕಾಣುವುದು ಬೆನ್ನಿನ ಕಡೆಯಿಂದ. ಸಾಲದ್ದಕ್ಕೆ, ಹೋಗುವಾಗ ಬಲಕ್ಕೆ ಸಿಗುತ್ತಿದ್ದ ಟ್ರಾನ್ಸ್‌ಫಾರ್ಮರ್ ಬರುವಾಗ ಎಡಕ್ಕೆ, ಅವರಿಗೆ ಕಾಣದ ಅರ್ಧಕ್ಕೆ, ಬೀಳುತ್ತಿತ್ತು. ಅವರ ಪಾಲಿಗೆ ಟ್ರಾನ್ಸ್‌ಫಾರ್ಮರ್ ಮಾಯವಾಗಿತ್ತು. ಬರುವ ದಾರಿಗೆ ಅವರ ಬಲಕ್ಕೆ ಸಿಗುವ ಬೇರೆ ಗುರುತುಗಳನ್ನು ಆರಿಸಿ, ಮೊದಲಿನಿಂದ ಶುರು ಮಾಡಿದೆವು. ಪ್ರತಿ ತಿರುವಿಗೂ ಎಡಕ್ಕೆ ಕತ್ತು ಹೊರಳಿಸಿ ನೋಡುವುದನ್ನೂ ಸೇರಿಸಿದೆವು. ಅದಕ್ಕೆ ಇನ್ನೂ ಹದಿನೆಂಟು ದಿನ ಹಿಡಿಯಿತು.

ಏನಾಯಿತು

ಏಪ್ರಿಲ್‌ನಲ್ಲಿ ಮೂರನೇ ತಿರುವಿನಲ್ಲಿ ಚರಂಡಿಗೆ ಅಂತ ರಸ್ತೆ ಅಗೆದರು. ಪಕ್ಕದ ರಸ್ತೆಯಲ್ಲಿ ಬಳಸಿ ಬಂದರೆ ಎರಡು ನಿಮಿಷ. ಮೇಸ್ತ್ರಿ ಹಾಲಿನ ಪ್ಯಾಕೆಟ್ ಹಿಡಿದು ಗುಂಡಿಯ ಮುಂದೆ ನಲವತ್ತು ನಿಮಿಷ ನಿಂತಿದ್ದರು. ತೋಟದಲ್ಲಿ ಬಿದ್ದ ಮರವನ್ನು ಮಾತಾಡುತ್ತಲೇ ಬಳಸಿ ಹೋದ ಅದೇ ಮನುಷ್ಯ. ಶಾಲೆಗೆ ಹೊರಟಿದ್ದ ಹುಡುಗನೊಬ್ಬ ಅವರ ಜೇಬಿನ ಕಾರ್ಡ್ ನೋಡಿ ಮಗನಿಗೆ ಫೋನ್ ಮಾಡಿದ. ಕಾರ್ಡ್ ಇಟ್ಟಿದ್ದು ಸೊಸೆ, ನನಗೆ ಹೇಳದೆ. ಈಗ ಅದರ ಜೊತೆಗೆ ಒಂದೇ ಬಟನ್ ಒತ್ತಿದರೆ ಮನೆಗೆ ಹೋಗುವ ಫೋನೂ ಇದೆ. ದಾರಿ ಕಟ್ಟಿದ್ದರೆ ಹುಡುಕಬೇಡಿ, ನಿಂತು ಒತ್ತಿ ಎಂಬುದನ್ನೂ ದಾರಿಯ ಹಾಗೆಯೇ, ದಿನಾ ನಿಲ್ಲಿಸಿ ಒತ್ತಿಸಿ ಕಲಿಸಿದೆವು.

ಜೂನ್ ಹೊತ್ತಿಗೆ ಮೂರು ದಾರಿ ಬಂದಿದ್ದವು: ಬೂತ್, ಗುಡಿ, ಕ್ಷೌರದ ಅಂಗಡಿ. ರಾತ್ರಿ ಬಾತ್‌ರೂಮಿಗೆ ಮಂಚದಿಂದ ಗೋಡೆ ಹಿಡಿದು ಹೋಗುವ ದಾರಿಯನ್ನೂ ಸೇರಿಸಿದರೆ ನಾಲ್ಕು. ಬಸ್ ಸ್ಟ್ಯಾಂಡಿಗೆ ಒಬ್ಬರೇ ಹೋಗುವ ಆಸೆ ಬಿಟ್ಟಿದ್ದೇವೆ. ಭುಜದ ಗಾಯ ವಾಸಿಯಾಗಿದೆ.

ಕೊನೆಯ ದಿನ ಬೂತಿನ ಹತ್ತಿರ ನಿಂತು, ಮನೆ ಯಾವ ಕಡೆ ಇದೆ ತೋರಿಸಿ ಅಂದೆ. ಅಷ್ಟು ತಿಂಗಳು ನಡೆದ ದಾರಿ. ಅವರು ಕೈ ಎತ್ತಿ ತೋರಿಸಿದ್ದು ಪೂರ್ತಿ ಉಲ್ಟಾ ದಿಕ್ಕು. ನನ್ನ ಮುಖ ನೋಡಿ ನಕ್ಕು, “ತೋರ್ಸೋಕೆ ಬರಲ್ಲ ಮೇಡಂ, ಕರ್ಕೊಂಡು ಹೋಗ್ತೀನಿ ಬನ್ನಿ” ಎಂದು ನಡೆದೇಬಿಟ್ಟರು. ಏಳು ನಿಮಿಷಕ್ಕೆ ಗೇಟಿನ ಮುಂದಿದ್ದೆವು.

ನನ್ನ ಕೆಲಸದಲ್ಲಿ ಬದಲಾದದ್ದು

ಈಗ ಸ್ಟ್ರೋಕ್ ಆದವರ ಮನೆಗೆ ಹೋದರೆ, ಕೈಕಾಲು ಎಷ್ಟೇ ಚೆನ್ನಾಗಿರಲಿ, ಮೊದಲ ದಿನವೇ ಗಿರಿ ಯಾವ ಕಡೆ ಎಂದು ಕೇಳುತ್ತೇನೆ. ಒಬ್ಬರು ದಾರಿಯಲ್ಲಿ ಸರಾಗವಾಗಿ ಹೋಗಿ ಬಂದರು ಎಂದರೆ ನಂಬುವುದಿಲ್ಲ, ಮಧ್ಯೆ ಅಡ್ಡ ನಿಂತು ಬೇರೆ ರಸ್ತೆಯಲ್ಲಿ ಬನ್ನಿ ಅನ್ನುತ್ತೇನೆ. ಎಂಆರ್‌ಐ ಕವರನ್ನು ಕಾಫಿಗಿಂತ ಮೊದಲು ತೆಗೆಸುತ್ತೇನೆ. ಮನೆ ಬದಲಿಸುವ ಯೋಚನೆ ಇದೆಯಾ ಎಂದೂ ಕೇಳುತ್ತೇನೆ. ಕಾಳಜಿಯಿಂದಲೇ ಮಾಡಿದ ಆ ಒಂದು ಕೆಲಸ ಮೇಸ್ತ್ರಿಯಿಂದ ಕಿತ್ತುಕೊಂಡಷ್ಟನ್ನು ಸ್ಟ್ರೋಕ್ ಕೂಡ ಕಿತ್ತುಕೊಂಡಿರಲಿಲ್ಲ ಅನ್ನಿಸುತ್ತದೆ ನನಗೆ. ಮಗನಿಗೆ ಇದನ್ನು ಹೇಳಲು ತುಂಬಾ ಹಿಂದೆಮುಂದೆ ನೋಡಿದೆ. ಹೇಳಿದಾಗ ಅವರು ಸುಮ್ನೆ ಕೂತಿದ್ದರು.

ತೋಟಕ್ಕೆ ಪೂರ್ತಿ ವಾಪಸ್ ಕಳಿಸುವುದು ಆಗದ ಮಾತು. ಮಾತ್ರೆ, ಬಿಪಿ, ಆಸ್ಪತ್ರೆ ದೂರ. ಆದರೆ ಮೇಸ್ತ್ರಿಯ ತಂಗಿಯ ಮನೆ ತೋಟದ ಪಕ್ಕದಲ್ಲೇ ಇದೆ. ತಿಂಗಳಿಗೆ ಒಂದು ವಾರ ಈಗ ಅಲ್ಲಿರುತ್ತಾರೆ. ಅಲ್ಲಿ ಅವರ ಹಿಂದೆ ಯಾರೂ ಹೋಗುವುದಿಲ್ಲ. ತಂಗಿಯ ಮಗ ತೋಟದವರನ್ನು ಕೇಳಿ, ಕಣದ ಪಕ್ಕದ ಹೊಸ ಜೀಪ್ ರಸ್ತೆಯ ಬಾಯಿಗೆ ಒಂದು ಉಣುಗೋಲು ಹಾಕಿದ್ದಾನೆ.